ಡೇವಿಸ್ ಕಪ್: ಮೂರು ಬಾರಿ ಫೈನಲ್ ತಲುಪಿದ ಭಾರತಕ್ಕೆ ಆ ಬೋಗುಣಿ ದಕ್ಕಲಿಲ್ಲವೇಕೆ?

ಪ್ರಶ್ನೆ — ಬರೆದವರು: ಮಂಡಿ ಲೆಕ್ಕದ ಪುಸ್ತಕ

ಬಲ್ಲವರಲ್ಲಿ ಒಂದು ವಿನಂತಿ. ಹೋದ ತಿಂಗಳು ಊರಿನ ಮನೆಯ ಅಟ್ಟವನ್ನು ಖಾಲಿ ಮಾಡುವಾಗ ತೀರಿಕೊಂಡ ನಮ್ಮ ತಂದೆಯವರ ಒಂದು ರಟ್ಟಿನ ಲೆಕ್ಕದ ಪುಸ್ತಕ ಸಿಕ್ಕಿತು. ಮೊದಲ ಮೂವತ್ತು ನಲವತ್ತು ಪುಟಗಳಲ್ಲಿ ಅಡಿಕೆ ಮಂಡಿಯ ಜಮಾ ಖರ್ಚು ಇದೆ. ಆಮೇಲಿನ ಪುಟಗಳ ತುಂಬ ಗೋಂದು ಹಚ್ಚಿ ಅಂಟಿಸಿದ ಪತ್ರಿಕೆಯ ತುಣುಕುಗಳು, ಅದರಲ್ಲೂ ಹೆಚ್ಚಿನವು ಟೆನಿಸಿಗೆ ಸಂಬಂಧಿಸಿದವು. ಅವರು ಎಂದೂ ರ‍್ಯಾಕೆಟ್ ಹಿಡಿದವರಲ್ಲ. ಆದರೂ 1966ರ ಡಿಸೆಂಬರ್ ತಿಂಗಳ ತುಣುಕುಗಳನ್ನು ಒಂದನ್ನೂ ಬಿಡದೆ ಕೂಡಿಟ್ಟಿದ್ದಾರೆ. ಒಂದು ತಲೆಬರಹದಲ್ಲಿನ ‘ಚಾಲೆಂಜ್ ರೌಂಡ್’ ಎಂಬ ಪದದ ಕೆಳಗೆ ಕೆಂಪು ಪೆನ್ಸಿಲಿನಿಂದ ಎರಡು ಗೆರೆ ಎಳೆದಿದ್ದಾರೆ.

ದೇಶದೇಶಗಳ ತಂಡಗಳು ಸೆಣಸುವ ಟೆನಿಸ್ ಪಂದ್ಯಾವಳಿಯಾದ ಡೇವಿಸ್ ಕಪ್ಪಿನ ಫೈನಲನ್ನು ಭಾರತ 1966, 1974 ಮತ್ತು 1987ರಲ್ಲಿ ತಲುಪಿತ್ತೆಂದು ಓದಿದ್ದೇನೆ. ಹಾಗಿದ್ದರೆ 1966ರ ಪತ್ರಿಕೆ ಅದನ್ನು ಫೈನಲ್ ಎನ್ನದೆ ಚಾಲೆಂಜ್ ರೌಂಡ್ ಎಂದು ಕರೆದದ್ದೇಕೆ? ಆಗ ನಮ್ಮ ಎದುರಾಳಿಯಾಗಿದ್ದ ಆಸ್ಟ್ರೇಲಿಯಾ ಅದಕ್ಕೂ ಮೊದಲು ಯಾರೊಡನೆ ಆಡಿತ್ತೆಂದು ಹುಡುಕಿದರೆ ಆ ವರ್ಷದ ಒಂದು ಪಂದ್ಯವೂ ಸಿಗುತ್ತಿಲ್ಲ. ನಮ್ಮ ತಂಡದ ರಾಮನಾಥನ್ ಕೃಷ್ಣನ್ ಅವರ ಒಂದು ಪಂದ್ಯದ ಅಂಕಗಳಲ್ಲಿ ‘10-12’ ಎಂದಿದೆ. ಅದು ಅಚ್ಚಿನ ತಪ್ಪೇ? 1974ರಲ್ಲಿ ನಾವು ಆಡದೆಯೇ ಕಪ್ ಬಿಟ್ಟುಕೊಟ್ಟದ್ದು ನಿಜವೇ? ಕೊನೆಯದಾಗಿ, ಟೆನಿಸ್ ಆಡುವ ನನ್ನ ಸೋದರಳಿಯ, ಈಗಿನ ಡೇವಿಸ್ ಕಪ್ಪಿಗೂ ಆಗಿನದಕ್ಕೂ ಹೆಸರೊಂದೇ ಸಾಮ್ಯ ಎನ್ನುತ್ತಾನೆ. ಅವನ ಮಾತು ಎಷ್ಟರಮಟ್ಟಿಗೆ ಸರಿ?

ಉತ್ತರ — ಬರೆದವರು: ಬೋಗುಣಿಯ ಬೆನ್ನುಹತ್ತಿದವ

ನಿಮ್ಮ ತಂದೆಯವರು ಗೆರೆ ಎಳೆದದ್ದು ಸರಿಯಾದ ಪದಕ್ಕೇ. ಆ ಒಂದು ಪದ ಅರ್ಥವಾದರೆ ಈ ಪಂದ್ಯಾವಳಿಯ ಮೊದಲ ಎಪ್ಪತ್ತು ವರ್ಷಗಳ ಚರಿತ್ರೆಯ ಅರ್ಧ ಪಾಲು ಅರ್ಥವಾದಂತೆ.

1900ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಡ್ವೈಟ್ ಡೇವಿಸ್ ಎಂಬ 21 ವರ್ಷದ ತರುಣ, ಬಾಸ್ಟನ್ನಿನ ಶ್ರೀವ್, ಕ್ರಂಪ್ ಅಂಡ್ ಲೋ ಎಂಬ ಆಭರಣದಂಗಡಿಯಿಂದ ಸುಮಾರು ಸಾವಿರ ಡಾಲರ್ ಕೊಟ್ಟು ಬೆಳ್ಳಿಯ ಬೋಗುಣಿಯೊಂದನ್ನು ಮಾಡಿಸಿದ. ಅಮೆರಿಕದ ಪೂರ್ವ ತೀರದ ಆಟಗಾರರು ಪಶ್ಚಿಮ ತೀರಕ್ಕೆ ಹೋಗಿ ಆಡಿಬಂದಾಗ ಅಲ್ಲಿನ ಜನ ತೋರಿದ ಉತ್ಸಾಹವನ್ನು ಕಂಡು, ದೇಶದೇಶಗಳ ನಡುವೆಯೂ ಹೀಗೆ ಆಡಿದರೆ ಹೇಗೆ ಎಂಬ ಯೋಚನೆ ಅವನಿಗೆ ಬಂದಿತ್ತು. ಪಂದ್ಯಾವಳಿಯ ಆಗಿನ ಹೆಸರು ‘ಇಂಟರ್‌ನ್ಯಾಷನಲ್ ಲಾನ್ ಟೆನಿಸ್ ಚಾಲೆಂಜ್’. ಹೆಸರಿನಲ್ಲೇ ಸವಾಲು ಇತ್ತು. ಹಳೆಯ ಕಾಲದ ಜಟ್ಟಿಗಳ ಪದ್ಧತಿಯನ್ನು ನೆನೆಯಿರಿ. ಗೆದ್ದ ಜಟ್ಟಿ ತನ್ನ ಅಖಾಡದಲ್ಲೇ ಕುಳಿತಿರುತ್ತಾನೆ, ಅವನನ್ನು ಸೋಲಿಸಬೇಕೆನ್ನುವವರು ತಮ್ಮ ತಮ್ಮಲ್ಲೇ ಹೋರಾಡಿ, ಉಳಿದವನೊಬ್ಬ ಅವನ ಊರಿಗೆ ಬರಬೇಕು. ಡೇವಿಸ್ ಕಪ್ ನಡೆದದ್ದೂ ಹಾಗೆಯೇ. ಕಪ್ ಯಾರ ಕೈಯಲ್ಲಿದೆಯೋ ಆ ದೇಶ ವರ್ಷಪೂರ್ತಿ ಒಂದೂ ಪಂದ್ಯ ಆಡಬೇಕಾಗಿರಲಿಲ್ಲ. ಉಳಿದ ದೇಶಗಳು ವಲಯಗಳಲ್ಲಿ, ಆಮೇಲೆ ಅಂತರ ವಲಯ ಸುತ್ತುಗಳಲ್ಲಿ ಹೊಡೆದಾಡಿ, ಗೆದ್ದ ಒಂದೇ ಒಂದು ತಂಡ ಕಪ್ ಇರುವ ದೇಶಕ್ಕೆ ಹೋಗಿ, ಆ ದೇಶ ಆರಿಸಿದ ಅಂಕಣದಲ್ಲಿ ಆಡಬೇಕಿತ್ತು. ಅದೇ ಚಾಲೆಂಜ್ ರೌಂಡ್. ಆದ್ದರಿಂದಲೇ 1966ರಲ್ಲಿ ಆಸ್ಟ್ರೇಲಿಯಾದ ಬೇರೆ ಪಂದ್ಯಗಳು ನಿಮಗೆ ಸಿಗುತ್ತಿಲ್ಲ. ಅವು ನಡೆದೇ ಇಲ್ಲ.

ಮೊದಲ ಪೈಪೋಟಿ ಆ ವರ್ಷದ ಆಗಸ್ಟಿನಲ್ಲಿ ಲಾಂಗ್‌ವುಡ್ ಕ್ರಿಕೆಟ್ ಕ್ಲಬ್ಬಿನಲ್ಲಿ ನಡೆಯಿತು. ಡೇವಿಸ್, ಮಾಲ್ಕಮ್ ವಿಟ್ಮನ್, ಹೋಲ್ಕಂಬ್ ವಾರ್ಡ್ ಇದ್ದ ಅಮೆರಿಕ ತಂಡ ಬ್ರಿಟಿಷ್ ದ್ವೀಪಗಳ ತಂಡವನ್ನು 3-0ರಿಂದ ಸೋಲಿಸಿತು. ಹುಲ್ಲು ಉದ್ದವಾಗಿತ್ತು, ಚೆಂಡು ಮೆತ್ತಗಿತ್ತು, ಬಲೆ ಜೋತುಬೀಳುತ್ತಿತ್ತು ಎಂದು ಬಂದವರು ದೂರಿದರು. ಅಂಕಣ ಯಾರದು ಎಂಬ ಜಗಳ ಈ ಕಪ್ಪಿನಷ್ಟೇ ಹಳೆಯದು ಎಂಬುದನ್ನು ಗಮನಿಸಬೇಕು, ಏಕೆಂದರೆ ನಿಮ್ಮ ಪ್ರಶ್ನೆಗಳೆಲ್ಲ ಕಡೆಗೆ ಅಲ್ಲಿಗೇ ಬಂದು ನಿಲ್ಲುತ್ತವೆ. ಮೊದಲ ದಿನ ಎರಡು ಸಿಂಗಲ್ಸ್, ಎರಡನೆಯ ದಿನ ಒಂದು ಡಬಲ್ಸ್, ಮೂರನೆಯ ದಿನ ಎದುರಾಳಿಗಳನ್ನು ಅದಲುಬದಲು ಮಾಡಿ ಮತ್ತೆರಡು ಸಿಂಗಲ್ಸ್ ಎಂಬ ಐದು ಪಂದ್ಯಗಳ ಚೌಕಟ್ಟು ಅಂದು ರೂಪುಗೊಂಡದ್ದು ನೂರು ವರ್ಷಕ್ಕೂ ಹೆಚ್ಚು ಕಾಲ ಬಾಳಿತು.

ಕುಳಿತವನ ಅನುಕೂಲ ಎಷ್ಟಿತ್ತೆಂದರೆ, 1973ರವರೆಗೆ ಈ ಕಪ್ ಗೆದ್ದವರು ನಾಲ್ಕೇ ಬಣದವರು: ಅಮೆರಿಕ, ಬ್ರಿಟನ್, ಫ್ರಾನ್ಸ್, ಆಸ್ಟ್ರೇಲಿಯಾ (ಮೊದಮೊದಲು ನ್ಯೂಜಿಲೆಂಡನ್ನೂ ಸೇರಿಸಿಕೊಂಡ ಆಸ್ಟ್ರಲೇಷಿಯಾ). ನಾರ್ಮನ್ ಬ್ರೂಕ್ಸ್ ಮತ್ತು ಆಂಟನಿ ವೈಲ್ಡಿಂಗ್ 1907ರಲ್ಲಿ ಕಪ್ಪನ್ನು ದಕ್ಷಿಣ ಗೋಳಾರ್ಧಕ್ಕೆ ಕೊಂಡೊಯ್ದ ಮೇಲೆ ಸವಾಲು ಹಾಕುವವರು ವಾರಗಟ್ಟಲೆ ಹಡಗಿನಲ್ಲಿ ಕುಳಿತು ಮೆಲ್ಬರ್ನಿಗೋ ಸಿಡ್ನಿಗೋ, 1911ರಲ್ಲಿ ಕ್ರೈಸ್ಟ್‌ಚರ್ಚಿಗೋ ಹೋಗಬೇಕಾಯಿತು. ವೈಲ್ಡಿಂಗ್ 1915ರಲ್ಲಿ ಫ್ರಾನ್ಸಿನ ಯುದ್ಧರಂಗದಲ್ಲಿ ಮಡಿದರು. 1927ರಲ್ಲಿ ಬೊರೋತ್ರಾ, ಬ್ರುನ್ಯೋಂ, ಕೋಶೆ, ಲಾಕೋಸ್ತ್ ಎಂಬ ನಾಲ್ವರ ಫ್ರೆಂಚ್ ತಂಡ ಫಿಲಡೆಲ್ಫಿಯಾದಲ್ಲಿ ಅಮೆರಿಕವನ್ನು ಸೋಲಿಸಿತು. ಮರುವರ್ಷ ಕಪ್ ಉಳಿಸಿಕೊಳ್ಳುವ ಪಂದ್ಯಕ್ಕೆ ಪ್ಯಾರಿಸಿನಲ್ಲಿ ತಕ್ಕ ಜಾಗವಿಲ್ಲವೆಂದು ಕಟ್ಟಿದ್ದೇ ರೊಲಾಂ ಗಾರೋಸ್ ಕ್ರೀಡಾಂಗಣ. ಈಗ ನಾವು ಫ್ರೆಂಚ್ ಓಪನ್ ನೋಡುವ ಆ ಕೆಂಪು ಅಂಕಣ ಹುಟ್ಟಿದ್ದು ಡೇವಿಸ್ ಕಪ್ಪಿಗಾಗಿ ಎಂಬುದು ಹಲವರಿಗೆ ತಿಳಿದಿಲ್ಲ.

ಇನ್ನೊಂದು ಸಂಗತಿಯನ್ನು ಬಿಡಲಾರೆ. 1939ರ ಸೆಪ್ಟೆಂಬರ್ ಮೊದಲ ವಾರ ಫಿಲಡೆಲ್ಫಿಯಾ ಬಳಿಯ ಮೆರಿಯನ್ ಕ್ಲಬ್ಬಿನಲ್ಲಿ ಆಸ್ಟ್ರೇಲಿಯಾ 0-2ರಿಂದ ಹಿಂದಿದ್ದಾಗಲೇ ಯುರೋಪಿನಲ್ಲಿ ಯುದ್ಧ ಘೋಷಣೆಯಾಯಿತು. ತಮ್ಮ ದೇಶವೂ ಯುದ್ಧಕ್ಕಿಳಿದಿದೆ ಎಂಬುದು ಗೊತ್ತಿದ್ದೂ ಏಡ್ರಿಯನ್ ಕ್ವಿಸ್ಟ್ ಮತ್ತು ಜಾನ್ ಬ್ರಾಮ್‌ವಿಚ್ ಉಳಿದ ಮೂರೂ ಪಂದ್ಯಗಳನ್ನು ಗೆದ್ದರು. ಹಾಗೆ ಆಸ್ಟ್ರೇಲಿಯಾಕ್ಕೆ ಹೋದ ಬೋಗುಣಿ ಯುದ್ಧ ಮುಗಿದು 1946ರ ಡಿಸೆಂಬರಿನಲ್ಲಿ ಅಮೆರಿಕ ಗೆಲ್ಲುವವರೆಗೆ ಅಲ್ಲೇ ಉಳಿಯಿತು.

ಚಾಲೆಂಜ್ ರೌಂಡ್ ಪದ್ಧತಿಯನ್ನು ಕೈಬಿಟ್ಟದ್ದು 1972ರಲ್ಲಿ. ವಿಂಬಲ್ಡನ್ ಇದೇ ಬಗೆಯ ಪದ್ಧತಿಯನ್ನು 1922ರಲ್ಲೇ ಕೈಬಿಟ್ಟಿತ್ತು, ಡೇವಿಸ್ ಕಪ್ಪಿಗೆ ಮತ್ತೆ ಐವತ್ತು ವರ್ಷ ಬೇಕಾಯಿತು. ಹೊಸ ಪದ್ಧತಿಯ ಮೊದಲ ವರ್ಷವೇ ಹಾಲಿ ಚಾಂಪಿಯನ್ ಅಮೆರಿಕ ಬುಕಾರೆಸ್ಟಿಗೆ ಹೋಗಿ, ರುಮೇನಿಯಾದ ನಸ್ತಾಸೆ ಮತ್ತು ತಿರಿಯಾಕ್ ಅವರ ಮಣ್ಣಿನ ಅಂಕಣದಲ್ಲಿ ಫೈನಲ್ ಆಡಬೇಕಾಯಿತು. ಅಲ್ಲಿಯೂ 3-2ರಿಂದ ಗೆದ್ದಿತು ಎನ್ನುವುದು ಅಮೆರಿಕದ ಸ್ಟ್ಯಾನ್ ಸ್ಮಿತ್ ಅವರ ದೊಡ್ಡತನ.

10-12 ಅಚ್ಚಿನ ತಪ್ಪಲ್ಲ. ಸೆಟ್ 6-6 ಆದಾಗ ಒಂದೇ ಗೇಮಿನಲ್ಲಿ ಅದನ್ನು ಮುಗಿಸುವ ಟೈಬ್ರೇಕರ್ ಡೇವಿಸ್ ಕಪ್ಪಿಗೆ ಬಂದದ್ದು 1989ರಲ್ಲಿ, ಐದನೆಯ ಸೆಟ್ಟಿಗೆ ಬಂದದ್ದು 2016ರಲ್ಲಿ. ಅದಕ್ಕೂ ಮೊದಲು ಎರಡು ಗೇಮುಗಳ ಅಂತರ ಸಿಗುವವರೆಗೆ ಸೆಟ್ ನಡೆಯುತ್ತಲೇ ಇರುತ್ತಿತ್ತು. 1966 ಮತ್ತು 1974ರ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ, ಅವರಿಗೆ ಬಿಡುತ್ತೇನೆ.

ಉತ್ತರ — ಬರೆದವರು: ಕೂಯಾಂಗ್ 66

ನಾನು ಆಗ ಹೈಸ್ಕೂಲಿನ ಹುಡುಗ. ಹಾಸ್ಟೆಲಿನ ವಾಚನಾಲಯಕ್ಕೆ ಬರುತ್ತಿದ್ದ ಪತ್ರಿಕೆ ಒಂದೇ, ಅದರ ಕೊನೆಯ ಪುಟಕ್ಕೆ ಕೈಯಿಟ್ಟವರು ಹತ್ತು ಮಂದಿ. ಆದ್ದರಿಂದ ನಿಮ್ಮ ತಂದೆಯವರು ಕತ್ತರಿಸಿಟ್ಟ ಪುಟವನ್ನು ನಾನೂ ಅದೇ ದಿನಗಳಲ್ಲಿ ಓದಿದ್ದೇನೆ ಎನ್ನುವುದೇ ನನಗೆ ಸಂತೋಷದ ವಿಷಯ.

1966ರ ಕಥೆ ಮೆಲ್ಬರ್ನಿನಲ್ಲಿ ಅಲ್ಲ, ಕಲ್ಕತ್ತೆಯ ಸೌತ್ ಕ್ಲಬ್ಬಿನ ಹುಲ್ಲಿನ ಮೇಲೆ ಶುರುವಾಗಬೇಕು. ಭಾರತ ಈ ಕಪ್ಪಿಗೆ 1921ರಿಂದಲೇ ಆಡುತ್ತಿತ್ತು. ಮೊದಲ ವರ್ಷವೇ ಮೊಹಮ್ಮದ್ ಸಲೀಂ ಮೊದಲಾದವರಿದ್ದ ತಂಡ ಪ್ಯಾರಿಸಿನಲ್ಲಿ ಫ್ರಾನ್ಸನ್ನು ಸೋಲಿಸಿತ್ತು. ಸ್ವಾತಂತ್ರ್ಯಾನಂತರ 1962ರಲ್ಲಿ ಮದ್ರಾಸಿನಲ್ಲಿ ಮೆಕ್ಸಿಕೊ, 1963ರಲ್ಲಿ ಮುಂಬಯಿಯಲ್ಲಿ ಅಮೆರಿಕ, ಹೀಗೆ ಚಾಲೆಂಜ್ ರೌಂಡಿನ ಹೊಸ್ತಿಲಲ್ಲೇ ನಮ್ಮನ್ನು ತಡೆದಿದ್ದವು. 1966ರಲ್ಲಿ ಆ ಹೊಸ್ತಿಲಿಗೆ ಬಂದು ನಿಂತದ್ದು ಅಮೆರಿಕವನ್ನೇ ಸೋಲಿಸಿ ಬಂದಿದ್ದ ಬ್ರೆಜಿಲ್. ನಾಲ್ಕು ಪಂದ್ಯಗಳ ಕೊನೆಗೆ 2-2. ಐದನೆಯದು ರಾಮನಾಥನ್ ಕೃಷ್ಣನ್ ಮತ್ತು ಥೊಮಾಸ್ ಕೋಕ್ ನಡುವೆ. ಎಡಗೈ ಆಟಗಾರನಾಗಿದ್ದ ಕೋಕ್ ಎರಡು ಸೆಟ್ ಗೆದ್ದು, ನಾಲ್ಕನೆಯ ಸೆಟ್ಟಿನಲ್ಲಿ 5-2ರಿಂದ ಮುಂದಿದ್ದ. ಅಲ್ಲಿಂದ ಕೃಷ್ಣನ್ ಸತತವಾಗಿ ಐದು ಗೇಮುಗಳನ್ನು ತೆಗೆದುಕೊಂಡು ಆ ಸೆಟ್ಟನ್ನೂ, ಆಮೇಲೆ ಐದನೆಯ ಸೆಟ್ಟನ್ನೂ ಗೆದ್ದರು. ಅಂಕಗಳು 3-6, 6-4, 10-12, 7-5, 6-2. ನಿಮ್ಮ ತುಣುಕಿನಲ್ಲಿರುವ 10-12 ಇದೇ ಇರಬೇಕು. ಕೃಷ್ಣನ್ ಬಲವಾಗಿ ಹೊಡೆದು ಗೆಲ್ಲುವವರಲ್ಲ. ಅವರ ಸರ್ವ್ ಮೆತ್ತಗೆ, ಆದರೆ ಚೆಂಡನ್ನು ಎಲ್ಲಿಗೆ ಬೇಕೋ ಅಲ್ಲಿಗೇ ಇಡುವ ಕೈ. 1960 ಮತ್ತು 1961ರಲ್ಲಿ ವಿಂಬಲ್ಡನ್ ಸೆಮಿಫೈನಲ್ ತಲುಪಿಸಿದ್ದು ಆ ಕೈಯೇ.

ಇಷ್ಟೆಲ್ಲ ಬೆವರು ಹರಿಸಿ ಕೆಲವೇ ವಾರಗಳಲ್ಲಿ ಕೃಷ್ಣನ್, ಜೈದೀಪ್ ಮುಖರ್ಜಿ, ಪ್ರೇಮಜಿತ್ ಲಾಲ್ ಮತ್ತು ಎಸ್.ಪಿ. ಮಿಶ್ರ ಮೆಲ್ಬರ್ನಿನ ಕೂಯಾಂಗಿಗೆ ಹೋದರು. ಎದುರಿಗೆ ಹ್ಯಾರಿ ಹಾಪ್ಮನ್ ಅವರ ತಂಡ. ಹಾಪ್ಮನ್ ನಾಯಕತ್ವದಲ್ಲಿ ಆಸ್ಟ್ರೇಲಿಯಾ 1950ರಿಂದ 1967ರವರೆಗಿನ 18 ವರ್ಷಗಳಲ್ಲಿ 15 ಸಲ ಕಪ್ ಗೆದ್ದಿತೆಂದರೆ ಆ ಗೋಡೆ ಎಷ್ಟು ಎತ್ತರದ್ದೆಂದು ಊಹಿಸಿಕೊಳ್ಳಿ. ಫ್ರೆಡ್ ಸ್ಟೋಲ್ ಕೃಷ್ಣನ್ ಅವರನ್ನೂ ರಾಯ್ ಎಮರ್ಸನ್ ಮುಖರ್ಜಿಯವರನ್ನೂ ಮೊದಲ ದಿನವೇ ನೇರ ಸೆಟ್ಟುಗಳಲ್ಲಿ ಸೋಲಿಸಿದರು. ಎರಡನೆಯ ದಿನದ ಡಬಲ್ಸಿನಲ್ಲಿ ಮಾತ್ರ ಯಾರೂ ನಿರೀಕ್ಷಿಸದ್ದು ನಡೆಯಿತು: ಹಿಂದಿನ ವರ್ಷ ವಿಂಬಲ್ಡನ್ ಗೆದ್ದಿದ್ದ ಜಾನ್ ನ್ಯೂಕೂಂಬ್ ಮತ್ತು ಟೋನಿ ರೋಚ್ ಜೋಡಿಯನ್ನು ಕೃಷ್ಣನ್ ಮತ್ತು ಮುಖರ್ಜಿ 4-6, 7-5, 6-4, 6-4ರಿಂದ ಸೋಲಿಸಿದರು. ಮೂರನೆಯ ದಿನ ಉಳಿದೆರಡೂ ಹೋಗಿ 4-1ಕ್ಕೆ ಮುಗಿಯಿತು. ಕೊನೆಯ ಪಂದ್ಯದಲ್ಲಿ ಮುಖರ್ಜಿ ಸ್ಟೋಲ್ ವಿರುದ್ಧ ಐದು ಸೆಟ್ ಆಡಿದ್ದನ್ನು ಈಗ ಯಾರೂ ನೆನೆಯುವುದಿಲ್ಲ.

1974ರ ವಿಷಯ ಬೇರೆ. ಆಗ ಚಾಲೆಂಜ್ ರೌಂಡ್ ಇರಲಿಲ್ಲ, ಹಾಲಿ ಚಾಂಪಿಯನ್ ಆಸ್ಟ್ರೇಲಿಯಾವೇ ಮೇ ತಿಂಗಳಲ್ಲಿ ಕಲ್ಕತ್ತೆಗೆ ಬರಬೇಕಾಯಿತು. ಎಂಟು ವರ್ಷ ಮೊದಲು ನಾವು ಅವರ ಹುಲ್ಲಿಗೆ ಹೋಗಿದ್ದೆವು, ಈಗ ಅವರು ನಮ್ಮ ಹುಲ್ಲಿಗೆ ಬಂದರು. ವಿಜಯ್ ಮತ್ತು ಆನಂದ್ ಅಮೃತರಾಜ್ ಸಹೋದರರು ಜಾನ್ ಅಲೆಕ್ಸಾಂಡರ್, ಕಾಲಿನ್ ಡಿಬ್ಲಿ ಜೋಡಿಯ ವಿರುದ್ಧ ಆಡಿದ ಡಬಲ್ಸಿನ ಅಂಕಗಳನ್ನು ನೋಡಿ: 17-15, 6-8, 6-3, 16-18, 6-4. ಮೇ ತಿಂಗಳ ಕಲ್ಕತ್ತೆಯ ಸೆಕೆಯಲ್ಲಿ, ಟೈಬ್ರೇಕರ್ ಇಲ್ಲದೆ. ಐದು ಪಂದ್ಯಗಳೂ ಸೇರಿ ಒಟ್ಟು 327 ಗೇಮುಗಳಾದವು, ಡೇವಿಸ್ ಕಪ್ಪಿನ ಇತಿಹಾಸದಲ್ಲೇ ಅದು ದಾಖಲೆ. ಭಾರತ 3-2ರಿಂದ ಗೆದ್ದಿತು. ಆಮೇಲೆ ಪುಣೆಯಲ್ಲಿ ಸೋವಿಯತ್ ಒಕ್ಕೂಟವನ್ನೂ ಮಣಿಸಿ ಫೈನಲ್ ತಲುಪಿತು. ಅತ್ತ ಜೊಹಾನ್ಸ್‌ಬರ್ಗಿನಲ್ಲಿ ಇಟಲಿಯನ್ನು ಸೋಲಿಸಿ ಬಂದದ್ದು ದಕ್ಷಿಣ ಆಫ್ರಿಕಾ.

ವರ್ಣಭೇದವನ್ನೇ ಕಾನೂನು ಮಾಡಿಕೊಂಡಿದ್ದ ಆ ದೇಶದ ಜೊತೆ ಭಾರತ 1946ರಲ್ಲೇ ವ್ಯಾಪಾರ ಸಂಬಂಧ ಕಡಿದುಕೊಂಡಿತ್ತು. ಸರ್ಕಾರದ ನಿಲುವಿಗೆ ಅನುಗುಣವಾಗಿ ನಮ್ಮ ಟೆನಿಸ್ ಸಂಸ್ಥೆ ಫೈನಲ್ ಆಡುವುದಿಲ್ಲ ಎಂದು ತಿಳಿಸಿತು. ದಕ್ಷಿಣ ಆಫ್ರಿಕಾ ಚೆಂಡು ಮುಟ್ಟದೆ ಚಾಂಪಿಯನ್ ಆಯಿತು. ಆಡದೆ ತೀರ್ಮಾನವಾದ ಡೇವಿಸ್ ಕಪ್ ಫೈನಲ್ ಅದೊಂದೇ. ಅಲ್ಲಿಯವರೆಗೆ ನಾಲ್ವರಲ್ಲೇ ಸುತ್ತುತ್ತಿದ್ದ ಕಪ್ಪಿಗೆ ಐದನೆಯ ಹೆಸರಾಗಿ ನಮ್ಮದು ಸೇರುವ ಸಾಧ್ಯತೆ ಇತ್ತು. ಆ ನಿರ್ಧಾರ ಸರಿಯೆಂದೇ ನಾನು ಅಂದೂ ನಂಬಿದ್ದೆ, ಇಂದೂ ನಂಬಿದ್ದೇನೆ. ಆದರೆ ಆ ಚಳಿಗಾಲದಲ್ಲಿ ಪತ್ರಿಕೆ ತೆರೆದಾಗಲೆಲ್ಲ ಮನಸ್ಸಿಗೆ ಆದ ಸಂಕಟ ಇನ್ನೂ ಹೋಗಿಲ್ಲ.

ಉತ್ತರ — ಬರೆದವರು: ಜೋಗಿಮಟ್ಟಿ

ಹಿರಿಯರ ಮಾತನ್ನು ಗೌರವಿಸಿಯೇ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ವಿಜಯ್ ಅಮೃತರಾಜ್ ಆಗ ಇಪ್ಪತ್ತು ವರ್ಷದವರು; 327 ಗೇಮುಗಳನ್ನು ಆಡಿದವರು ಆಟಗಾರರು, ನಿರ್ಧಾರ ತೆಗೆದುಕೊಂಡವರು ಬೇರೆಯವರು. ಎರಡು ವರ್ಷಗಳ ನಂತರ, 1976ರಲ್ಲಿ, ಸೋವಿಯತ್ ಒಕ್ಕೂಟ ಸೇನಾ ಸರ್ವಾಧಿಕಾರಿ ಪಿನೊಶೆಯ ಚಿಲಿಯೊಡನೆ ಸೆಮಿಫೈನಲ್ ಆಡಲು ನಿರಾಕರಿಸಿತು. ಆದರೆ ಫೈನಲ್ ತಲುಪಿದ್ದ ಇಟಲಿ, ತನ್ನ ದೇಶದಲ್ಲಿ ಎಷ್ಟೇ ವಿರೋಧವಿದ್ದರೂ ಸಾಂಟಿಯಾಗೊಗೆ ಹೋಗಿ ಆಡಿ, 4-1ರಿಂದ ಗೆದ್ದು ಕಪ್ ತಂದಿತು. ಅಲ್ಲಿಯ ಡಬಲ್ಸಿನಲ್ಲಿ ಆದ್ರಿಯಾನೊ ಪನಟ್ಟಾ ಮತ್ತು ಪಾವ್ಲೊ ಬೆರ್ತೊಲುಚ್ಚಿ ಕೆಂಪು ಅಂಗಿ ತೊಟ್ಟು ಆಡಿದರು; ಆ ಆಳ್ವಿಕೆಗೆ ಬಲಿಯಾದವರ ಪರ ತಾವಿದ್ದೇವೆಂದು ಹೇಳುವ ಬಗೆ ಅದಾಗಿತ್ತು. ಅಂಕಣಕ್ಕಿಳಿದೂ ಪ್ರತಿಭಟಿಸಲು ದಾರಿಗಳಿದ್ದವು ಎಂಬುದಷ್ಟೇ ನನ್ನ ವಾದ.

ಉತ್ತರ — ಬರೆದವರು: ಕೂಯಾಂಗ್ 66

ಇಟಲಿಯ ಉದಾಹರಣೆ ನನಗೆ ಗೊತ್ತು, ಆ ಇಬ್ಬರ ಧೈರ್ಯದ ಮೇಲೆ ಗೌರವವೂ ಇದೆ. ಆದರೆ ಎರಡೂ ಒಂದೇ ತೂಕದವಲ್ಲ. ಚಿಲಿಯಲ್ಲಿ ಕ್ರೂರ ಆಳ್ವಿಕೆ ಇತ್ತು. ದಕ್ಷಿಣ ಆಫ್ರಿಕಾದಲ್ಲಿ ಮೈಬಣ್ಣ ನೋಡಿ ಯಾರು ಯಾವ ಅಂಕಣಕ್ಕೆ ಕಾಲಿಡಬಹುದು ಎಂಬುದನ್ನು ಕಾನೂನೇ ತೀರ್ಮಾನಿಸುತ್ತಿತ್ತು, ಎಂದರೆ ಅನ್ಯಾಯ ಆಟದ ಒಳಗೇ ಇತ್ತು. ಭಾರತೀಯ ಮೂಲದ ಲಕ್ಷಾಂತರ ಜನ ಅದೇ ಕಾನೂನಿನ ಅಡಿಯಲ್ಲಿ ಬದುಕುತ್ತಿದ್ದರು. ಅಂಥ ತಂಡದ ಎದುರು ಬಲೆಯ ಬಳಿ ನಿಂತು ಕೈಕುಲುಕುವುದೇ ಒಪ್ಪಿಗೆಯಾಗುತ್ತಿತ್ತು. ಆಟಗಾರರಿಗೆ ಆದ ನಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಆ ನಷ್ಟವನ್ನು ದೇಶ ಅವರ ಹೆಗಲ ಮೇಲೆ ಹೊರಿಸಿತು ಎಂಬ ನಿಮ್ಮ ಮಾತು ನಿಜ.

ಉತ್ತರ — ಬರೆದವರು: ಕಬ್ಬನ್ ಪಾರ್ಕಿನ ಗ್ಯಾಲರಿ

1987ರ ಬಗ್ಗೆ ಮತ್ತು ಈಗಿನ ಬದಲಾವಣೆಯ ಬಗ್ಗೆ ನಾನು ಬರೆಯುತ್ತೇನೆ. 1981ರಲ್ಲಿ ಕಪ್ಪಿಗಾಗಿ ಸೆಣಸುವ ಅಗ್ರ ಹದಿನಾರು ದೇಶಗಳ ವಿಶ್ವ ಗುಂಪು ಬಂದು ಪಂದ್ಯಾವಳಿ ಹೊಸ ರೂಪ ಪಡೆದಿತ್ತು. 1987ರಲ್ಲಿ ಭಾರತ ದೆಹಲಿಯ ಹುಲ್ಲಿನ ಮೇಲೆ ಅರ್ಜೆಂಟೀನಾವನ್ನು ಸೋಲಿಸಿತು. 33 ವರ್ಷದ ವಿಜಯ್ ಅಮೃತರಾಜ್, ಮಾರ್ಟಿನ್ ಹೈಟೆ ಎದುರು ಮ್ಯಾಚ್ ಪಾಯಿಂಟ್ (ಎದುರಾಳಿಗೆ ಗೆಲ್ಲಲು ಒಂದೇ ಪಾಯಿಂಟ್ ಸಾಕೆನ್ನುವ ಗಳಿಗೆ) ಉಳಿಸಿಕೊಂಡು ಗೆದ್ದದ್ದು ಅಲ್ಲೇ. ಬಳಿಕ ಇಸ್ರೇಲನ್ನು ಗೆದ್ದು, ಸಿಡ್ನಿಯ ಹುಲ್ಲಿನಲ್ಲಿ ಆಸ್ಟ್ರೇಲಿಯಾವನ್ನು 3-2ರಿಂದ ಮಣಿಸಿತು. ಸಿಡ್ನಿಯಲ್ಲಿ ಜಾನ್ ಫಿಟ್ಜ್‌ಜೆರಾಲ್ಡ್ ಮತ್ತು ವಾಲಿ ಮಸೂರ್ ಇಬ್ಬರನ್ನೂ ಸೋಲಿಸಿದವರು ರಮೇಶ್ ಕೃಷ್ಣನ್, ಎಂದರೆ 1966ರ ಕೃಷ್ಣನ್ ಅವರ ಮಗ. ತಂದೆಯದೇ ಕೈ, ತಂದೆಯದೇ ಮೆತ್ತನೆಯ ಸರ್ವ್. ಫೈನಲ್ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ. ಆತಿಥೇಯರಿಗೆ ಅಂಕಣ ಆರಿಸುವ ಹಕ್ಕಿತ್ತು, ಅವರು ಒಳಾಂಗಣದಲ್ಲಿ ಕೆಂಪು ಮಣ್ಣು ಹಾಸಿದರು. ಹುಲ್ಲಿನ ಮೇಲೆ ಚೆಂಡು ತಗ್ಗಿ ಜಾರಿದರೆ ನಮ್ಮವರ ಆಟಕ್ಕೆ ಜೀವ. ಮಣ್ಣಿನಲ್ಲಿ ಅದು ಎದ್ದು ನಿಧಾನವಾದರೆ ಮ್ಯಾಟ್ಸ್ ವಿಲಾಂಡರ್ ಅಂಥವರು ಎಲ್ಲವನ್ನೂ ತಿರುಗಿಸಿ ಕಳಿಸುತ್ತಾರೆ. 5-0 ಸೋಲು.

ಒಟ್ಟಿನಲ್ಲಿ ಒಂದು ಸಲ ಕುಳಿತವರ ಹುಲ್ಲಿನಲ್ಲಿ ಸೋತೆವು, ಒಂದು ಸಲ ಆಡಲಿಲ್ಲ, ಇನ್ನೊಂದು ಸಲ ಅವರ ಮಣ್ಣಿನಲ್ಲಿ ಸೋತೆವು. ಹಾಗೆಂದು ನಿಯಮವನ್ನು ದೂರುವಂತಿಲ್ಲ, ಏಕೆಂದರೆ ಕಲ್ಕತ್ತೆಯ ಹುಲ್ಲೂ ದೆಹಲಿಯ ಹುಲ್ಲೂ ನಮ್ಮನ್ನು ಅಲ್ಲಿಯವರೆಗೆ ಕೊಂಡೊಯ್ದದ್ದು ಅದೇ ನಿಯಮದಿಂದ. ಎಣಿಕೆಗೆ ಸಿಗದ ಸೋಜಿಗಗಳೂ ಇದ್ದವು: 1993ರಲ್ಲಿ ಯುವಕ ಲಿಯಾಂಡರ್ ಪೇಸ್ ಮತ್ತು ರಮೇಶ್ ಕೃಷ್ಣನ್ ಫ್ರಾನ್ಸನ್ನು ಅದರದೇ ನೆಲದ ಫ್ರೆಜುಸ್‌ನಲ್ಲಿ, ಅದೂ ಮಣ್ಣಿನ ಅಂಕಣದಲ್ಲಿ ಸೋಲಿಸಿದರು.

ತವರಿನ ಅಂಕಣ ಎಂದರೇನು ಎಂಬುದನ್ನು ನಾನು ಕಣ್ಣಾರೆ ಕಂಡದ್ದು 2014ರ ಸೆಪ್ಟೆಂಬರಿನಲ್ಲಿ, ಬೆಂಗಳೂರಿನ ಕಬ್ಬನ್ ಪಾರ್ಕಿನೊಳಗಿನ ಕ್ರೀಡಾಂಗಣದಲ್ಲಿ. ಎದುರಾಳಿ ಸರ್ಬಿಯಾ; ಜೊಕೊವಿಚ್ ಬಂದಿರಲಿಲ್ಲ. ಶುಕ್ರವಾರ ಎರಡೂ ಸಿಂಗಲ್ಸ್ ಸೋತು 0-2. ಶನಿವಾರ ಪೇಸ್ ಮತ್ತು ಕೊಡಗಿನ ರೋಹನ್ ಬೋಪಣ್ಣ ಮೊದಲೆರಡು ಸೆಟ್ಟುಗಳನ್ನು 1-6, 6-7ರಿಂದ ಕಳೆದುಕೊಂಡಾಗ ನನ್ನ ಪಕ್ಕದಲ್ಲಿದ್ದ ಇಬ್ಬರು ಎದ್ದು ಮನೆಗೆ ಹೊರಟರು. ಅವರು ತಪ್ಪಿಸಿಕೊಂಡದ್ದು 6-3, 6-3, 8-6. ಐದನೆಯ ಸೆಟ್ಟಿನಲ್ಲಿ ಬೋಪಣ್ಣ ಸರ್ವ್ ಮಾಡಲು ಚೆಂಡನ್ನು ನೆಲಕ್ಕೆ ಬಡಿಯುವಾಗ ಇಡೀ ಗ್ಯಾಲರಿ ಉಸಿರು ಹಿಡಿದಿತ್ತು; ಆ ‘ಟಕ್ ಟಕ್’ ಸದ್ದು, ಹಿಂದಿನ ಮರಗಳಲ್ಲಿ ಗಿಳಿಗಳ ಕೂಗು, ಬೇರೇನೂ ಕೇಳುತ್ತಿರಲಿಲ್ಲ. ಭಾನುವಾರ ಸೋಮ್‌ದೇವ್ ದೇವ್‌ವರ್ಮನ್ ದುಶಾನ್ ಲಯೊವಿಚ್‌ರನ್ನು ಐದು ಸೆಟ್ಟುಗಳಲ್ಲಿ ಸೋಲಿಸಿದಾಗ 2-2. ನಿರ್ಣಾಯಕ ಪಂದ್ಯದಲ್ಲಿ ಯೂಕಿ ಭಾಂಬ್ರಿ ಒಂದು ಸೆಟ್ ಸೋತು 4-4ರಲ್ಲಿದ್ದಾಗ ಮಳೆ ಬಂತು. ಹುಡುಗರು ಹೊದಿಕೆ ಎಳೆದರು, ನಾವು ಛತ್ರಿ ಬಿಚ್ಚಿ ಕತ್ತಲಾಗುವವರೆಗೆ ಕುಳಿತೆವು. ಸೋಮವಾರ ಕಚೇರಿಗೆ ರಜೆ ಹಾಕಿ ಮತ್ತೆ ಹೋದೆ. ಫಿಲಿಪ್ ಕ್ರಾಯಿನೊವಿಚ್ ಗೆದ್ದರು, ನಾವು 2-3ರಿಂದ ಸೋತೆವು. ಗೆದ್ದ ಎಷ್ಟೋ ಪಂದ್ಯಗಳಿಗಿಂತ ಆ ನಾಲ್ಕು ದಿನಗಳೇ ನನಗೆ ಹೆಚ್ಚು ಬೇಕಾದವು. ಅದೇ ಪೇಸ್ ಬೋಪಣ್ಣ ಜೋಡಿ 2018ರ ಏಪ್ರಿಲಿನಲ್ಲಿ ಚೀನಾದ ತಿಯಾನ್‌ಜಿನ್‌ನಲ್ಲಿ ಗೆದ್ದಾಗ ಪೇಸ್ ಅವರ ಡೇವಿಸ್ ಕಪ್ ಡಬಲ್ಸ್ ಗೆಲುವುಗಳು 43 ಆದವು; ಇಟಲಿಯ ನಿಕೊಲಾ ಪಿಯೆತ್ರಾಂಜೆಲಿ ಅವರ 42ರ ದಾಖಲೆ ಮುರಿಯಿತು.

ಈಗ ನಿಮ್ಮ ಸೋದರಳಿಯನ ಮಾತಿಗೆ ಬರುತ್ತೇನೆ. 2018ರ ಆಗಸ್ಟಿನಲ್ಲಿ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ಒರ್ಲ್ಯಾಂಡೊ ಸಭೆಯಲ್ಲಿ, ಮೂರನೆಯ ಎರಡು ಪಾಲಿಗಿಂತ ಹೆಚ್ಚು ಮತಗಳಿಂದ ಹಳೆಯ ಪದ್ಧತಿಯನ್ನು ಬದಲಿಸಿತು. ಫುಟ್‌ಬಾಲ್ ಆಟಗಾರ ಜೆರಾರ್ಡ್ ಪಿಕೆ ಅವರ ಕಾಸ್ಮೊಸ್ ಕಂಪನಿ 25 ವರ್ಷಗಳಲ್ಲಿ 300 ಕೋಟಿ ಡಾಲರ್ ತೊಡಗಿಸುವ ಯೋಜನೆ ತಂದಿತ್ತು. ದೊಡ್ಡ ಆಟಗಾರರು ವರ್ಷಕ್ಕೆ ನಾಲ್ಕು ವಾರಾಂತ್ಯಗಳನ್ನು ಕೊಡಲು ಹಿಂಜರಿಯುತ್ತಿದ್ದರು ಎಂಬ ಕಾರಣ ಸುಳ್ಳಲ್ಲ. ಆದರೆ ಪರಿಹಾರವೆಂದು ಬಂದದ್ದೇನು? 18 ತಂಡಗಳು ಒಂದೇ ಊರಿನಲ್ಲಿ ಒಂದು ವಾರ ಆಡುವುದು, ಐದರ ಬದಲು ಮೂರೇ ಪಂದ್ಯ, ಐದು ಸೆಟ್ಟುಗಳ ಬದಲು ಮೂರೇ ಸೆಟ್. ಹಳೆಯ ಪದ್ಧತಿಯ ಕೊನೆಯ ಫೈನಲ್ 2018ರ ನವೆಂಬರಿನಲ್ಲಿ ಫ್ರಾನ್ಸಿನ ಲೀಲ್ ನಗರದಲ್ಲಿ ನಡೆದು ಕ್ರೊಯೇಷಿಯಾ ಗೆದ್ದಿತು. ಮರುವರ್ಷ ಮ್ಯಾಡ್ರಿಡ್‌ನಲ್ಲಿ ಅಮೆರಿಕ ಮತ್ತು ಇಟಲಿಯ ಪೈಪೋಟಿ ಮುಗಿದಾಗ ಬೆಳಗಿನ ಜಾವ 4 ಗಂಟೆ 4 ನಿಮಿಷ. ಕಾಸ್ಮೊಸ್ ಒಪ್ಪಂದ 2023ರ ಜನವರಿಯಲ್ಲೇ ಮುರಿದುಬಿತ್ತು. 25 ವರ್ಷದ ಮಾತು ಐದು ವರ್ಷವನ್ನೂ ಮುಟ್ಟಲಿಲ್ಲ.

ಹೊಸ ಪದ್ಧತಿಯಲ್ಲಿ ಒಳ್ಳೆಯ ಟೆನಿಸ್ ಬಂದಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. 2023ರ ಸೆಮಿಫೈನಲಿನಲ್ಲಿ ಇಟಲಿಯ ಯಾನಿಕ್ ಸಿನ್ನರ್ ಮೂರು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು ಜೊಕೊವಿಚ್‌ರನ್ನು ಸೋಲಿಸಿದ್ದು ಯಾವ ಕಾಲಕ್ಕೂ ದೊಡ್ಡ ಪಂದ್ಯವೇ. ಆ ವರ್ಷದಿಂದ 2025ರವರೆಗೆ ಇಟಲಿ ಸತತ ಮೂರು ಸಲ ಗೆದ್ದಿದೆ. 2025ರಿಂದ ಅರ್ಹತಾ ಸುತ್ತುಗಳೆರಡೂ ಮತ್ತೆ ಒಂದಲ್ಲ ಒಂದು ದೇಶದ ತವರಿನಲ್ಲಿ ನಡೆಯುತ್ತಿವೆ, ಕೊನೆಯ ಎಂಟು ತಂಡಗಳು ಮಾತ್ರ ಒಂದೆಡೆ ಸೇರುತ್ತವೆ. ಆದ್ದರಿಂದ ಹೆಸರೊಂದೇ ಸಾಮ್ಯ ಎಂಬ ಮಾತು ತುಸು ಹೆಚ್ಚಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಭಾರತ ಬೀಲ್ ಪಟ್ಟಣಕ್ಕೆ ಹೋಗಿ ಸ್ವಿಟ್ಜರ್ಲೆಂಡನ್ನು 3-1ರಿಂದ ಸೋಲಿಸಿತು. ಯುರೋಪಿನ ದೇಶವೊಂದನ್ನು ಅದರ ನೆಲದಲ್ಲೇ ಭಾರತ ಸೋಲಿಸಿದ್ದು ಫ್ರೆಜುಸ್ ಬಳಿಕ, 32 ವರ್ಷಗಳ ನಂತರ.

ಪ್ರಶ್ನೆ ಕೇಳಿದವರ ಮರುಮಾತು — ಮಂಡಿ ಲೆಕ್ಕದ ಪುಸ್ತಕ

ಎಲ್ಲರಿಗೂ ಕೃತಜ್ಞತೆಗಳು. ಉತ್ತರಗಳನ್ನು ಓದಿ ಪುಸ್ತಕವನ್ನು ಮತ್ತೆ ತೆರೆದೆ. 3-6, 6-4, 10-12, 7-5, 6-2 ಹಾಗೆಯೇ ಇದೆ; ನಾನು ಸಂಶಯಪಟ್ಟದ್ದು ಅದೇ ಸೆಟ್ಟಿನ ಮೇಲೆ. ಕೂಯಾಂಗಿನ ಡಬಲ್ಸ್ ಸುದ್ದಿಯ ತುಣುಕು ಮಾತ್ರ ಉಳಿದವುಗಳ ಹಾಗೆ ಅಂಟಿಸಿದ್ದಲ್ಲ. ಅದನ್ನು ನಾಲ್ಕಾಗಿ ಮಡಚಿ ಪುಟಗಳ ನಡುವೆ ಇಟ್ಟಿದ್ದಾರೆ, ಮಡಿಕೆಗಳು ಸವೆದು ಕಾಗದ ಬಿಟ್ಟುಕೊಂಡಿದೆ. ಬಹುಶಃ ಜೇಬಿನಲ್ಲಿಟ್ಟುಕೊಂಡು ಓಡಾಡಿ, ಮಂಡಿಗೆ ಬಂದವರಿಗೆಲ್ಲ ತೆಗೆದು ತೋರಿಸುತ್ತಿದ್ದರೇನೋ. 1974ರ ತುಣುಕುಗಳು ಕಲ್ಕತ್ತೆಯ ಗೆಲುವಿನವರೆಗೆ, ಪುಣೆಯ ಗೆಲುವಿನವರೆಗೆ ಇವೆ. ಅಲ್ಲಿಂದ ಮುಂದಕ್ಕೆ ಎರಡು ಪುಟ ಖಾಲಿ ಬಿಟ್ಟು, ಮೂರನೆಯ ಪುಟದಿಂದ ಮತ್ತೆ ಅಡಿಕೆಯ ಲೆಕ್ಕ ಶುರುವಾಗುತ್ತದೆ.